ಸೋಮಾರಿ ಅನ್ನೋಕೆ ಮುಂಚೆ

ಪ್ರತಿ ಹಾಸ್ಟೆಲ್ ಬ್ಲಾಕಲ್ಲೂ ಒಬ್ಬ ‘ಕುಂಭಕರ್ಣ’ ಇರ್ತಾನೆ. ಐದು ಅಲಾರಂ ಹೊಡೆದ್ರೂ ಏಳಲ್ಲ, ಎಂಟು ಗಂಟೆ ಕ್ಲಾಸಿಗೆ ಪ್ರಾಕ್ಸಿ ಕೇಳ್ತಾನೆ, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಲ್ಲಿ ಮೊದಲ ಹೆಸರು ಅವನದೇ. ‘ರಾತ್ರಿಯೆಲ್ಲ ಮೊಬೈಲ್ ನೋಡಿದ್ರೆ ಇನ್ನೇನಾಗುತ್ತೆ’ ಅಂತ ತೀರ್ಪು ಕೊಟ್ಟು ನಾವು ಮೆಸ್ಸಿಗೆ ಹೋಗ್ತೀವಿ. ಆದರೆ ಕಥೆಯ ಕುಂಭಕರ್ಣನೂ ಆ ನಿದ್ದೆಯನ್ನ ಬೇಕಂತ ಕೇಳಿದ್ದಲ್ಲ. ಸರಸ್ವತಿ ಅವನ ನಾಲಿಗೆ ಹೊರಳಿಸಿದಳು. ನಮ್ಮವನಿಗೆ ಎಡಿಎಚ್‌ಡಿ ಇದ್ದರೆ ನಮ್ಮ ತೀರ್ಪೂ ತಪ್ಪೇ.

ಹದಿಹರೆಯದಲ್ಲಿ ಎಲ್ಲರ ದೇಹದ ಗಡಿಯಾರವೂ ಸ್ವಲ್ಪ ತಡವಾಗಿ ನಡೆಯುತ್ತೆ. ನಿದ್ದೆಗೆ ಹೊತ್ತಾಯ್ತು ಅಂತ ಹೇಳೋ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತೆ. ಎಡಿಎಚ್‌ಡಿ ಇರೋ ಅನೇಕರಲ್ಲಿ ಇನ್ನೂ ತಡ. ಹನ್ನೊಂದಕ್ಕೇ ಲೈಟ್ ಆರಿಸಿದರೂ ತಲೆಯೊಳಗೆ ಸಂತೆ ನಡೀತಾನೇ ಇರುತ್ತೆ. ಬೆಳಗ್ಗೆ ತಗೊಳ್ಳಬೇಕಾದ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನ ಮರೆತು ಸಂಜೆ ನುಂಗಿದರಂತೂ ನಿದ್ದೆ ಮತ್ತಷ್ಟು ದೂರ.

ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ 2ಕ್ಕೆ ಕಣ್ಣು ಮುಚ್ಚಿ 7ಕ್ಕೆ ಎದ್ದರೆ ಸಿಗೋದು ಐದೇ. ನಿದ್ದೆಗೆಟ್ಟರೆ ಗಮನ ನಿಲ್ಲಲ್ಲ, ಗಮನ ನಿಲ್ಲದೆ ಬಾಕಿ ಉಳಿದ ಅಸೈನ್‌ಮೆಂಟ್ ಮತ್ತೆ ರಾತ್ರಿಗೇ ಬರುತ್ತೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಪಾಸಿಟಿವ್ ಫೀಡ್‌ಬ್ಯಾಕ್ ಇದೇ. ಬೈದು ಇದನ್ನ ಸರಿ ಮಾಡೋಕಾಗಲ್ಲ.

ಹಾಗಂತ ರಾತ್ರಿ ಎರಡರವರೆಗೆ ಗೇಮ್ ಆಡೋರಿಗೆಲ್ಲ ಎಡಿಎಚ್‌ಡಿ ಅಂತಲ್ಲ. ಅದು ಹಾಸ್ಟೆಲ್ ಸೇರಿದ ಮೇಲೆ ಬರೋದಲ್ಲ, ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು. ಹೌದೋ ಅಲ್ಲವೋ ಹೇಳಬೇಕಾದವರು ಮನೋವೈದ್ಯರು, ರೀಲ್ಸ್ ಅಲ್ಲ.

ವಿಟಿಯು ಕೇಳೋ ಶೇ 85 ಹಾಜರಾತಿ ನಮ್ಮ ಕೈಲಿಲ್ಲ. ಟೈಮ್‌ಟೇಬಲ್ ಮಾತ್ರ ಕಾಲೇಜಿನ ಕೈಲೇ ಇದೆ. ಹದಿನೇಳು, ಹದಿನೆಂಟರ ಹುಡುಗರು ಹುಡುಗಿಯರೇ ತುಂಬಿರೋ ಮೊದಲ ವರ್ಷಕ್ಕಾದರೂ ಮೊದಲ ಪೀರಿಯಡ್ 9ಕ್ಕೆ ಇಡಲಿ. ಇದು ರಿಯಾಯಿತಿ ಅಲ್ಲ, ಎಚ್ಚರವಾಗಿರೋ ಕ್ಲಾಸು ಮೇಷ್ಟ್ರಿಗೂ ಲಾಭವೇ.

ರೂಮ್‌ಮೇಟ್ ಮಾಡಬಹುದಾದ್ದೂ ಇದೆ. ರಾತ್ರಿ ಟ್ಯೂಬ್‌ಲೈಟ್ ಬೇಗ ಆರಿಸಿ. ಬೆಳಗ್ಗೆ ಕಿಟಕಿ ತೆಗೆಯಿರಿ. ಮುಂಜಾನೆ ಬೆಳಕು ಗಡಿಯಾರವನ್ನ ಮುಂದಕ್ಕೆ ತರುತ್ತೆ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಅದು ಮತ್ತೆ ಹಿಂದೆ ಬೀಳುತ್ತೆ, ಅವತ್ತೂ ಎಬ್ಬಿಸಿ ತಿಂಡಿಗೆ ಕರ್ಕೊಂಡು ಹೋಗಿ. ಯಾರ ಹತ್ರ ಮಾತಾಡೋದು ಅಂತ ಗೊತ್ತಾಗದಿದ್ರೆ ಟೆಲಿ ಮಾನಸ್ 14416 ಇದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೂ.