ರೋಗಿಯ ಚರಿತ್ರೆಯೂ ಗಣಕಯಂತ್ರವೂ

ನಮ್ಮ ನಾಡಿನಲ್ಲಿ ರೋಗಿಯ ಚರಿತ್ರೆಯೆಂಬುದು ಬಹುಮಟ್ಟಿಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ವಾಸವಾಗಿರುತ್ತದೆ. ಯಾವುದೋ ಬಟ್ಟೆಯಂಗಡಿಯ ಹೆಸರನ್ನು ಹೊತ್ತ ಆ ಚೀಲದೊಳಗೆ ಮಡಿಚಿ ಮಡಿಚಿ ಹರಿದ ಔಷಧದ ಚೀಟಿಗಳು, ಅಕ್ಷರ ಮಾಸಿದ ರಕ್ತಪರೀಕ್ಷೆಯ ವರದಿಗಳು, ಹಳೆಯದೊಂದು ಎಕ್ಸ್‌ರೇ ಫಿಲ್ಮು, ಖಾಲಿಯಾದ ಮಾತ್ರೆಯ ಪಟ್ಟಿ ಎಲ್ಲವೂ ಒಟ್ಟಿಗೆ ಇರುತ್ತವೆ. ರೋಗಿಯು ಅದನ್ನು ಮೇಜಿನ ಮೇಲೆ ಸುರಿದಾಗ, ಹೊರಗೆ ನಲವತ್ತು ಜನ ಕಾದಿರುವ ವೈದ್ಯರು ಅದರಲ್ಲಿ ಎಷ್ಟನ್ನು ಓದಿಯಾರು? ವೈದ್ಯರ ಕಡೆಯಲ್ಲಾದರೂ ಸ್ಥಿತಿ ಮೇಲೆಂದು ಹೇಳುವಂತಿಲ್ಲ. ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಹೆಸರು, ವಯಸ್ಸು, ಪಡೆದ ಶುಲ್ಕ, ಇಷ್ಟು ಬರೆದಿದ್ದರೆ ಅದೇ ಹೆಚ್ಚು.

ಈಚಿನ ವರ್ಷಗಳಲ್ಲಿ ಸಣ್ಣ ಊರುಗಳ ಚಿಕಿತ್ಸಾಲಯಗಳಿಗೂ ಗಣಕಯಂತ್ರವು ಬಂದಿದೆ. ಅದರ ಬೆನ್ನಿಗೇ ರೋಗಿಗಳ ಕಡತವನ್ನು ನೋಡಿಕೊಳ್ಳುವ ತಂತ್ರಾಂಶಗಳನ್ನು ಮಾರುವವರೂ ಬಂದಿದ್ದಾರೆ. ಅವರು ತೋರಿಸುವ ಗುಣವಿಶೇಷಗಳ ಪಟ್ಟಿ ಉದ್ದವಾದುದು. ಇವುಗಳಲ್ಲಿ ಯಾವುದು ರೋಗಿಯ ಪ್ರಾಣಕ್ಕೆ ಸಂಬಂಧಿಸಿದ್ದು, ಯಾವುದು ಬರಿಯ ಅಲಂಕಾರ ಎಂಬುದನ್ನು ವಿವೇಚಿಸುವ ಕಾಲ ಬಂದಿದೆಯೆಂದು ನಾವು ಭಾವಿಸುತ್ತೇವೆ. ದೊಡ್ಡ ಆಸ್ಪತ್ರೆಗಳ ಮಾತು ಬೇರೆ. ಒಬ್ಬರೋ ಇಬ್ಬರೋ ವೈದ್ಯರು ನಡೆಸುವ ಚಿಕಿತ್ಸಾಲಯವನ್ನೇ ನಾವಿಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ.

ಮೊದಲಿಗೆ ಒಂದು ಹಳೆಯ ಸಂಗತಿ. ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು 1968ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರೋಗಿಯ ಕಡತವನ್ನು ತಾರೀಖಿನ ಕ್ರಮದಲ್ಲಿ ಸುಮ್ಮನೆ ಪೇರಿಸುತ್ತ ಹೋಗುವುದಕ್ಕೆ ಬದಲಾಗಿ, ರೋಗಿಯ ತೊಂದರೆಗಳ ಪಟ್ಟಿಯೊಂದನ್ನು ಮೊದಲ ಪುಟದಲ್ಲಿರಿಸಿ, ಪ್ರತಿಯೊಂದು ತೊಂದರೆಗೂ ರೋಗಿ ಹೇಳಿದ್ದೇನು, ವೈದ್ಯರು ಕಂಡದ್ದೇನು, ಅದರಿಂದ ಊಹಿಸಿದ್ದೇನು, ಮುಂದೆ ಮಾಡತಕ್ಕದ್ದೇನು ಎಂಬ ನಾಲ್ಕನ್ನು ಬರೆಯಬೇಕೆಂಬುದು ಅವರು ಸಾರಿದ ಪದ್ಧತಿ. ಈ ಕ್ರಮಕ್ಕೆ ಗಣಕವೇ ಬೇಕೆಂದಿಲ್ಲ, ನೋಟುಪುಸ್ತಕವೂ ಸಾಕು. ಆದರೆ ಯಾವ ತಂತ್ರಾಂಶವು ತೆರೆದೊಡನೆ ಈ ಮೊದಲ ಪುಟವನ್ನು ತೋರಿಸದೆ ಶುಲ್ಕದ ಲೆಕ್ಕವನ್ನು ತೋರಿಸುತ್ತದೆಯೋ ಅದು ಅಂಗಡಿಯ ಲೆಕ್ಕದ ಯಂತ್ರವೇ ಸರಿ, ವೈದ್ಯಕೀಯ ಕಡತವೆನಿಸದು.

ರೋಗಿಯ ಗುರುತು ಹಿಡಿಯುವುದು ಸುಲಭವೆಂದು ತೋರುವ ಕೆಲಸ. ವಾಸ್ತವದಲ್ಲಿ ನಮ್ಮಲ್ಲಿ ಇದರಷ್ಟು ಕಷ್ಟವಾದದ್ದು ಬೇರೊಂದಿಲ್ಲ. ನಮ್ಮ ಮನೆಯ ಹಿರಿಯರೊಬ್ಬರನ್ನು ಕೆಲವು ವರ್ಷಗಳ ಹಿಂದೆ ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ದಿದ್ದೆವು. ಅವರ ಹೆಸರಿನಲ್ಲಿ ‘ಲಕ್ಷ್ಮಿ’ ಎಂಬುದುಂಟು. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ಒಬ್ಬ ಗುಮಾಸ್ತರು ಕೆ, ಎಸ್, ಎಚ್ ಹಾಕಿ ಬರೆದಿದ್ದರೆ, ಮತ್ತೊಮ್ಮೆ ಹೋದಾಗ ಬೇರೊಬ್ಬರು ಎಕ್ಸ್ ಹಾಕಿ ಬರೆದಿದ್ದರು. ಯಂತ್ರದ ಪಾಲಿಗೆ ಅವರು ಇಬ್ಬರು ಹೆಂಗಸರು! ಪೆನಿಸಿಲಿನ್ ಅವರಿಗೆ ಒಗ್ಗುವುದಿಲ್ಲವೆಂಬ ಮಾತು ಒಂದು ಕಡತದಲ್ಲಿತ್ತು. ಅಂದು ವೈದ್ಯರು ತೆರೆದದ್ದು ಇನ್ನೊಂದನ್ನು. “ಯಾವ ಔಷಧಿಯಾದರೂ ನಿಮಗೆ ಒಗ್ಗುವುದಿಲ್ಲವೇನಮ್ಮ?” ಎಂದು ಆ ತರುಣ ವೈದ್ಯರು ಕೇಳಿದರು. “ಎಲ್ಲಾ ಅದರಲ್ಲೇ ಬರೆದುಕೊಂಡಿದ್ದೀರಲ್ಲಪ್ಪಾ, ನೋಡಿ” ಎಂದರು ಹಿರಿಯರು. ನಾವು ಪಕ್ಕದಲ್ಲಿದ್ದುದರಿಂದ ಅನಾಹುತವಾಗಲಿಲ್ಲ. ಕಡತವನ್ನು ಯಂತ್ರಕ್ಕೊಪ್ಪಿಸಿದ ಮೇಲೆ ರೋಗಿಯು ತನ್ನ ನೆನಪನ್ನು ಕೈಬಿಡುತ್ತಾನೆ ಎಂಬುದನ್ನು ಅಂದು ಕಂಡೆವು. ಆದುದರಿಂದ ಹೆಸರು ಕನ್ನಡದಲ್ಲಿಯೂ ದಾಖಲಾಗಬೇಕು. ಸಮೀಪದ ಉಚ್ಚಾರಣೆಯ ಹೆಸರುಗಳನ್ನು ಯಂತ್ರವು ಒಟ್ಟಿಗೆ ಮುಂದಿಟ್ಟು ‘ಇವರೇ ಅವರೋ?’ ಎಂದು ಕೇಳಬೇಕು. ಎರಡಾಗಿ ಹೋದ ಕಡತಗಳನ್ನು ಒಂದುಗೂಡಿಸುವ ಮಾರ್ಗವಿರಬೇಕು. ಹುಟ್ಟಿದ ತಾರೀಖು ತಿಳಿಯದ ಮುದುಕರಿಗೆ ಜನವರಿ 1ನ್ನು ಹಚ್ಚಿ ಬಿಡುವ ಅಭ್ಯಾಸವನ್ನು ಕೈಬಿಟ್ಟು ‘ಅಂದಾಜು ವಯಸ್ಸು’ ಎಂದೇ ಬರೆಯಲು ಅವಕಾಶವಿರಬೇಕು.

ಒಗ್ಗದ ಔಷಧದ ಮಾತು ಬಂದುದರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕಡತದಲ್ಲಿ ‘ಪೆನಿಸಿಲಿನ್’ ಎಂದು ಬರೆದಿದೆ. ವೈದ್ಯರು ಅಮಾಕ್ಸಿಸಿಲಿನ್ ಇರುವ ಮಾತ್ರೆಯೊಂದನ್ನು ಅದರ ವ್ಯಾಪಾರೀ ಹೆಸರಿನಲ್ಲಿ ಬರೆಯುತ್ತಾರೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬಕ್ಕೇ ಸೇರಿದ್ದು. ಅಕ್ಷರವನ್ನು ಅಕ್ಷರದೊಡನೆ ಹೋಲಿಸುವ ಯಂತ್ರಕ್ಕೆ ಇದು ತಿಳಿಯುವುದೇ ಇಲ್ಲ. ವ್ಯಾಪಾರೀ ಹೆಸರಿನಿಂದ ಮೂಲದ್ರವ್ಯಕ್ಕೂ, ಮೂಲದ್ರವ್ಯದಿಂದ ಅದರ ಕುಟುಂಬಕ್ಕೂ ಸಂಬಂಧವನ್ನು ಕಟ್ಟಿಕೊಟ್ಟ ಔಷಧಕೋಶವೊಂದು ಒಳಗೆ ಇದ್ದರೆ ಮಾತ್ರ ಎಚ್ಚರಿಕೆ ಬಂದೀತು. ಮಕ್ಕಳ ವಿಷಯವೂ ಹಾಗೆಯೇ. ಪ್ಯಾರಾಸಿಟಮಾಲ್‌ನ ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಒಂದು ಸಲಕ್ಕೆ ಕಿಲೋಗ್ರಾಂ ಒಂದಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ 100ರಿಂದ 150 ಮಿಲಿಗ್ರಾಂ ಆಯಿತು. ಆದರೆ ಅಂಗಡಿಯಲ್ಲಿ ದೊರೆಯುವ ದ್ರಾವಣದಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ‘ಒಂದು ಚಮಚ’ ಎಂದು ಬರೆದರೆ ಒಂದರಲ್ಲಿ ಸರಿ, ಇನ್ನೊಂದರಲ್ಲಿ ಹೆಚ್ಚು ಕಡಮೆ ಇಮ್ಮಡಿ. ಈ ಗುಣಾಕಾರವನ್ನು ದಣಿದ ವೈದ್ಯರಿಗಿಂತ ಯಂತ್ರವು ಚೆನ್ನಾಗಿ ಮಾಡಬಲ್ಲುದು.

ಮನುಷ್ಯನು ಮರೆಯುವ ಪ್ರಾಣಿ. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನೇ ತೋರಿಸಿತು. ಗಣಕದ ಜ್ಞಾಪನೆ ದೊರೆತಾಗ ಗಮನಿಸಬೇಕಾದ ಸಂಗತಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವೈದ್ಯರು ಸ್ಪಂದಿಸಿದರು. ಜ್ಞಾಪನೆಯಿಲ್ಲದಾಗ ಕಾಲು ಭಾಗಕ್ಕಿಂತಲೂ ಕಡಮೆ. ಅವರೇನು ಅಜ್ಞಾನಿಗಳಲ್ಲ. ಮನಸ್ಸು ಒಂದು ಹೊತ್ತಿನಲ್ಲಿ ಇಷ್ಟನ್ನೇ ಹಿಡಿದಿಡಬಲ್ಲುದೆಂಬುದಷ್ಟೇ ಇದರ ಅರ್ಥ.

ಹಾಗೆಂದು ಯಂತ್ರವು ಮಾತುಮಾತಿಗೂ ಕೂಗಬಾರದು. 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಬೇರೆ ಬೇರೆ ಅಧ್ಯಯನಗಳಲ್ಲಿ ವೈದ್ಯರು ಇಂತಹ ಔಷಧಸಂಬಂಧದ ಎಚ್ಚರಿಕೆಗಳಲ್ಲಿ ನೂರಕ್ಕೆ 49ರಿಂದ 96ರಷ್ಟನ್ನು ಕಡೆಗಣಿಸಿ ಮುಂದೆ ಸಾಗಿದ್ದರು. ತೋಳ ಬಂತು ತೋಳ ಎಂದು ದಿನವೂ ಕೂಗಿದ ಹುಡುಗನ ಕಥೆ ಎಲ್ಲರಿಗೂ ತಿಳಿದದ್ದೇ. ಪ್ರಾಣಾಪಾಯದ ಎಚ್ಚರಿಕೆ ತೆರೆಯ ನಡುವೆ ಬಂದು ತಡೆಯಲಿ. ಸಣ್ಣಪುಟ್ಟವು ಅಂಚಿನಲ್ಲಿ ಕುಳಿತಿರಲಿ.

ರಕ್ತಪರೀಕ್ಷೆಯ ಅಂಕಿಗಳನ್ನು ನಕ್ಷೆಯಾಗಿ ಬರೆದು ತೋರಿಸುವ ಗುಣವನ್ನು ಮಾರುವವರು ಕೊನೆಯಲ್ಲಿ ಹೇಳುತ್ತಾರೆ. ನಮಗಾದರೋ ಅದು ಮುಂದೆ ಇರತಕ್ಕದ್ದೆಂದು ತೋರುತ್ತದೆ. ಒಬ್ಬರ ಕ್ರಿಯಾಟಿನಿನ್ ಮೊದಲ ವರ್ಷ 0.8, ಮರುವರ್ಷ 1.0, ಅದರ ಮರುವರ್ಷ 1.3 ಎಂದಿಟ್ಟುಕೊಳ್ಳಿ. ಗರಿಷ್ಠ ಮಿತಿ 1.3 ಎಂದು ಅಚ್ಚಾಗಿರುವ ವರದಿಗಳಲ್ಲಿ ಇವು ಮೂರೂ ‘ಸಹಜ’ವೇ. ಮೂರನ್ನೂ ಒಂದು ಗೆರೆಯ ಮೇಲೆ ಕಂಡ ವೈದ್ಯರು ಮಾತ್ರ ಮೂತ್ರಪಿಂಡವು ಸೋಲುತ್ತಿರಬಹುದೆಂದು ಶಂಕಿಸಿ, ಮೊಣಕಾಲು ನೋವಿಗೆಂದು ರೋಗಿಯು ದಿನವೂ ನುಂಗುತ್ತಿರುವ ಡೈಕ್ಲೊಫಿನ್ಯಾಕ್ ಮಾತ್ರೆಯನ್ನು ನಿಲ್ಲಿಸಿಯಾರು.

ಔಷಧದ ಚೀಟಿಯು ಯಾರಿಗಾಗಿ? ಅಂಗಡಿಯವನಿಗೆ ಇಂಗ್ಲಿಷ್ ಇರಲಿ. ಕೆಳಗೆ ರೋಗಿಗಾಗಿ ‘ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ರಾತ್ರಿ ಊಟವಾದ ಮೇಲೆ ಒಂದು, ಐದು ದಿನ’ ಎಂದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚಾಗಲಿ. ಇದಕ್ಕೆ ಮಹಾ ವಿಜ್ಞಾನವೇನೂ ಬೇಕಾಗಿಲ್ಲ, ಮನಸ್ಸು ಬೇಕು.

ಇಷ್ಟೆಲ್ಲವನ್ನೂ ಯಾರು ತುಂಬಬೇಕು? ಇಲ್ಲಿಯೇ ನಮ್ಮ ದೊಡ್ಡ ಆತಂಕ ಇರುವುದು. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವೈದ್ಯರು ರೋಗಿಯೊಡನೆ ನೇರವಾಗಿ ಕಳೆದ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆಗಳು ಗಣಕದ ಕಡತಕ್ಕೂ ಮೇಜಿನ ಕೆಲಸಕ್ಕೂ ಸಂದಿದ್ದವು. ನಮ್ಮಲ್ಲಿ ಒಬ್ಬ ರೋಗಿಗೆ ದೊರೆಯುವುದೇ ಎರಡು ಮೂರು ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ವೈದ್ಯರ ದೃಷ್ಟಿ ತೆರೆಯ ಮೇಲೆಯೇ ನೆಟ್ಟಿದ್ದರೆ, ರೋಗಿಯ ಕಣ್ಣಿನ ಹಳದಿಯನ್ನು ನೋಡುವವರಾರು? ಕೊಳ್ಳುವ ಮುನ್ನ ವೈದ್ಯರು ಗಡಿಯಾರವನ್ನು ಮುಂದಿಟ್ಟುಕೊಂಡು ಪರೀಕ್ಷಿಸಲಿ: ಸಾಮಾನ್ಯ ಜ್ವರದ ರೋಗಿಯೊಬ್ಬನ ದಾಖಲೆಯನ್ನು ಬರೆದು ಮುಗಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಆ ತಂತ್ರಾಂಶ ನಮ್ಮ ದೇಶಕ್ಕಲ್ಲ. ತೂಕ, ರಕ್ತದೊತ್ತಡ, ಜ್ವರದ ಅಂಕಿಗಳನ್ನು ಹೊರಗೆ ಕುಳಿತ ದಾದಿಯೇ ಬರೆದಿಡುವಂತಿರಲಿ. ತೆರೆಯನ್ನು ರೋಗಿಗೂ ಕಾಣುವಂತೆ ಓರೆಯಾಗಿರಿಸಿದರೆ ಇನ್ನೂ ಒಳ್ಳೆಯದು. ತಪ್ಪಿದ್ದರೆ ಆತನೇ ಹೇಳಿಯಾನು. ಆದರೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಕಾಣಬಾರದು. ಶುಲ್ಕ ಪಡೆಯುವ ಗುಮಾಸ್ತನಿಗೆ ರೋಗದ ವಿವರವೇಕೆ? ಯಾರು, ಯಾವಾಗ, ಯಾವ ಕಡತವನ್ನು ತೆರೆದರೆಂಬುದು ತಾನಾಗಿಯೇ ದಾಖಲಾಗಬೇಕು. ಬರೆದುದನ್ನು ತಿದ್ದಿದಾಗ ಹಳೆಯದು ಅಳಿಸಿಹೋಗದೆ, ಗೆರೆ ಎಳೆದ ಬರಹದಂತೆ, ತಿದ್ದಿದವರ ಹೆಸರಿನೊಡನೆ ಉಳಿಯಬೇಕು.

ವಿದ್ಯುತ್ತು ಹೋಗುವುದು, ಇಂಟರ್‌ನೆಟ್ ಕಡಿಯುವುದು ನಮಗೆ ಹೊಸತಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳ ಮೇಲೆ ಕಿಡಿಗೇಡಿಗಳ ದಾಳಿ ನಡೆದಾಗ, ದೇಶದ ಆ ಹಿರಿಯ ಸಂಸ್ಥೆಯೂ ಸುಮಾರು ಎರಡು ವಾರಗಳ ಕಾಲ ಬಹುಪಾಲು ಕೆಲಸವನ್ನು ಕೈಬರಹದಲ್ಲಿ ನಡೆಸಬೇಕಾಯಿತು. ಸಣ್ಣ ಚಿಕಿತ್ಸಾಲಯದ ಗತಿಯೇನು! ಅಂತರಜಾಲವಿಲ್ಲದಾಗಲೂ ಅಂದಿನ ಕೆಲಸ ಸಾಗುವಂತೆ ಪ್ರತಿಯೊಂದು ಒಳಗೇ ಇರಬೇಕು. ಪ್ರತಿರಾತ್ರಿಯ ಇನ್ನೊಂದು ಪ್ರತಿ ಆ ಯಂತ್ರದಿಂದ ಬೇರ್ಪಟ್ಟ ಕಡೆ ಇರಬೇಕು. ಅಚ್ಚುಮಾಡಿದ ಖಾಲಿ ಹಾಳೆಗಳ ಕಟ್ಟೊಂದು ಮೇಜಿನ ಖಾನೆಯಲ್ಲಿರಬೇಕು.

ನಮ್ಮ ಸರಕಾರವು ವೈದ್ಯಕೀಯ ದಾಖಲೆಗಳಿಗೆ 2013ರಲ್ಲಿ ಮಾನಕಗಳನ್ನು ಗೊತ್ತುಮಾಡಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯಲ್ಲಿ ಪ್ರಜೆಗೆ 14 ಅಂಕೆಗಳ ಆರೋಗ್ಯ ಸಂಖ್ಯೆ ದೊರೆಯುತ್ತದೆ. ಆತನ ಒಪ್ಪಿಗೆಯಿಂದ ಒಬ್ಬ ವೈದ್ಯರ ದಾಖಲೆಯನ್ನು ಇನ್ನೊಬ್ಬರು ನೋಡಬಹುದು. ಪ್ಲಾಸ್ಟಿಕ್ ಚೀಲಕ್ಕೆ ಇದು ತಕ್ಕ ಉತ್ತರವೇ. ಆದರೆ ಚಿಕಿತ್ಸಾಲಯದ ತಂತ್ರಾಂಶವು ಆ ಮಾನಕಗಳ ಭಾಷೆಯಲ್ಲಿ ಮಾತನಾಡದಿದ್ದರೆ ಸಂಖ್ಯೆಯೊಂದರಿಂದ ಏನೂ ಆಗದು. ದಾಖಲೆಯನ್ನು ಕೇಳಿದ ರೋಗಿಗೆ 72 ಗಂಟೆಗಳೊಳಗೆ ಕೊಡತಕ್ಕದ್ದೆಂದು ವೈದ್ಯರ ನಡತೆಯ 2002ರ ನಿಯಮಾವಳಿಯು ವಿಧಿಸುತ್ತದೆ. ತಂತ್ರಾಂಶದ ಒಡೆಯನು ದಾಖಲೆಗಳನ್ನು ತನ್ನ ಬೀಗದೊಳಗಿಟ್ಟುಕೊಂಡರೆ ವೈದ್ಯರು ಈ ನಿಯಮವನ್ನು ಪಾಲಿಸುವುದಾದರೂ ಹೇಗೆ?

ಆದಕಾರಣ ವೈದ್ಯಮಿತ್ರರಲ್ಲಿ ನಮ್ಮದೊಂದು ವಿಜ್ಞಾಪನೆ. ಮಾರಲು ಬಂದವರು ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿ ಮುಗಿಸಿದ ಮೇಲೆ, “ಮುಂದೊಂದು ದಿನ ನಾವು ನಿಮ್ಮನ್ನು ಬಿಟ್ಟರೆ, ನಮ್ಮ ರೋಗಿಗಳ ದಾಖಲೆಯನ್ನೆಲ್ಲ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ ಹಿಂದಿರುಗಿಸುವಿರಿ?” ಎಂದು ಕೇಳಿ. ಉತ್ತರವನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಿ. ಸಾಧ್ಯವಾದರೆ ಅಂದೇ ಒಂದು ಮಾದರಿ ಕಡತವನ್ನು ಹೊರತೆಗೆಯಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಿ.