ಚಿತ್ತದ ಬೇನೆಯೂ ದೇಹದ ಕಾವಲೂ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಎಷ್ಟೋ ಮನೆಗಳಲ್ಲಿ, ಓದಿನಲ್ಲಿ ಮುಂದಿದ್ದ ಮಗನು ಇಪ್ಪತ್ತರ ಹರೆಯದಲ್ಲಿ ಮಂಕಾಗಿ, ಯಾರೂ ಆಡದ ಮಾತುಗಳು ಕಿವಿಗೆ ಬೀಳುತ್ತಿವೆಯೆನ್ನತೊಡಗಿದರೆ, ಮಾಟ-ಮದ್ದಿನ ಸಂದೇಹವೇ ಮೊದಲು ಏಳುತ್ತದೆ. ತಾಯಿ ಬೆಳೆಸಿದ ರೀತಿಯೇ ತಪ್ಪೆಂಬ ದೂರು ಅದರ ಬೆನ್ನಿಗೇ ಬರುತ್ತದೆ. ವೈದ್ಯರ ನೆನಪಾಗುವುದು ಕಟ್ಟಕಡೆಗೆ. ಇಚ್ಚಿತ್ತ ವಿಕಲತೆ, ಅಂದರೆ ಸ್ಕಿಜೋಫ್ರೇನಿಯ ಎಂಬ ಈ ರೋಗವು ಯಾರ ಪಾಪದ ಫಲವೂ ಅಲ್ಲವೆಂಬುದನ್ನು ವಿಜ್ಞಾನವು ಇಂದು ಹೊಸ ಆಧಾರಗಳೊಡನೆ ಸಾರುತ್ತಿದೆ.

ಸೋಂಕಿನಿಂದ ದೇಹವನ್ನು ಕಾಯುವ ರೋಗನಿರೋಧಕ ವ್ಯವಸ್ಥೆಗೂ ಮೆದುಳಿಗೂ ನಿಕಟ ಸಂಬಂಧವುಂಟು. 2007ರಲ್ಲಿ ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು ವಿವರಿಸಿದ ಒಂದು ಬಗೆಯ ಮೆದುಳಿನ ಉರಿಯೂತದಲ್ಲಿ ದೇಹದ ಪ್ರತಿಕಾಯಗಳೇ ಮೆದುಳಿನ ಮೇಲೆ ಎರಗುತ್ತವೆ. ಅದು ಸ್ಕಿಜೋಫ್ರೇನಿಯವಲ್ಲ, ಆದರೂ ರೋಗಿಯು ಬುದ್ಧಿಭ್ರಮಣೆಯಾದವನಂತೆಯೇ ವರ್ತಿಸುತ್ತಾನೆ, ನಿರೋಧಕ ವ್ಯವಸ್ಥೆಯನ್ನು ಹತೋಟಿಗೆ ತರುವ ಚಿಕಿತ್ಸೆಯಿಂದ ಅನೇಕರು ಗುಣಹೊಂದುತ್ತಾರೆ. 2016ರಲ್ಲಿ ಅಮೆರಿಕದ ಸಂಶೋಧಕರು ‘ಸಿ4’ ಎಂಬ ನಿರೋಧಕ ವಂಶವಾಹಿಯ ಕೆಲವು ರೂಪಗಳು ಸ್ಕಿಜೋಫ್ರೇನಿಯದ ಸಂಭವವನ್ನು ತುಸು ಹೆಚ್ಚಿಸುತ್ತವೆಂದು ತೋರಿಸಿದರು. ಹರೆಯದಲ್ಲಿ ಮೆದುಳು ನರಕೋಶಗಳ ನಡುವಣ ಅನಗತ್ಯ ಸಂಧಿಗಳನ್ನು ಸವರಿಹಾಕುತ್ತದೆ. ಆ ಸವರುವಿಕೆ ಮಿತಿಮೀರುವುದೇ ಒಂದು ಕಾರಣವಿರಬಹುದೆಂಬುದು ಅವರ ಅನುಮಾನ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ರೋಗಿಗಳ ರಕ್ತದಲ್ಲಿನ ಉರಿಯೂತದ ಕುರುಹುಗಳ ಅಧ್ಯಯನ ನಡೆದಿದೆ.

ಇದು ಪೂರ್ಣ ಉತ್ತರವಲ್ಲ. ಎಲ್ಲ ರೋಗಿಗಳಲ್ಲಿಯೂ ಉರಿಯೂತ ಕಾಣದು. ಅದನ್ನು ತಗ್ಗಿಸುವ ಔಷಧಗಳ ಪ್ರಯೋಗವು ಮಿಶ್ರಫಲ ನೀಡಿದೆ. ನಿರೋಧಕ ಶಕ್ತಿ ಹೆಚ್ಚಿಸುವುದೆಂದು ಮಾರುವ ಪುಡಿ-ಕಷಾಯಗಳನ್ನು ನಂಬಿ ವೈದ್ಯರ ಗುಳಿಗೆ ನಿಲ್ಲಿಸುವುದಂತೂ ಅಪಾಯಕರ. ಇಲ್ಲಿ ಶಂಕೆಯಿರುವುದು ಆ ಶಕ್ತಿಯ ಕೊರತೆಯ ಮೇಲಲ್ಲ, ಅದು ದಾರಿತಪ್ಪುವುದರ ಮೇಲೆ.

ಕಾರಣದ ಶೋಧ ಮುಗಿಯುವವರೆಗೆ ಚಿಕಿತ್ಸೆ ಕಾಯಬೇಕಾಗಿಲ್ಲ. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ಹಳಿಯಾಳಕ್ಕೆ ದೂರವಲ್ಲ. ಜೋಯಿಡಾದ ಕಾಡಿನ ಹಳ್ಳಿಯವರಿಗೆ ಮಾತ್ರ ಅದು ದಿನದ ಕೂಲಿ ಬಿಟ್ಟು ಹೋಗಬೇಕಾದ ಊರು. ವಿದ್ಯಾರ್ಥಿಯ ನಡೆನುಡಿಯ ಬದಲಾವಣೆ ಎಷ್ಟೋ ಸಲ ಮೊದಲು ಗೋಚರಿಸುವುದು ಶಿಕ್ಷಕರಿಗೆ. ಆಸ್ಪತ್ರೆಯವರೆಗೆ ಜೊತೆಯಾಗಬಲ್ಲವರು ಹಳೆಯ ವಿದ್ಯಾರ್ಥಿಗಳು. ಬಸ್ಸಿನ ಖರ್ಚು, ತಿಂಗಳ ಔಷಧದ ಖರ್ಚು ದಾನಿಗಳಿಗೆ ಭಾರವಾಗದು. ಅನ್ನ-ಅಕ್ಷರಗಳ ದಾಸೋಹ ಕಂಡ ಮಠದ ಅಂಗಳದಲ್ಲಿ ಈ ಸೇವೆಗೂ ಎಡೆಯಿರಬೇಕು. ಜ್ವರ ಬಂದ ಮಗುವನ್ನು ಅಡಗಿಸಿಡುವ ಮನೆಯಿಲ್ಲ. ಚಿತ್ತ ಕದಡಿದ ಮಗುವನ್ನು ಅಡಗಿಸಿಡುವ ಮನೆಯೂ ಇರಲಾಗದು.