ದೀಪದೆಣ್ಣೆಯ ಲೆಕ್ಕ

ಹಣ ಕೊಟ್ಟು ಭಯವನ್ನು ಕೊಂಡುತರುವವರೂ ಉಂಟೆ ಎಂದು ವಾಚಕರು ಹುಬ್ಬೇರಿಸಬಹುದು. ಉಂಟು, ಅವರ ಸಂಖ್ಯೆ ಅಲ್ಪವೇನೂ ಅಲ್ಲ. ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ಕೋಣೆಯ ದೀಪವಾರಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ತಾವಾಗಿಯೇ ನಡುಗುವ ಈ ವಿನೋದಕ್ಕೆ ‘ಸರ್ವೈವಲ್ ಹಾರರ್’ ಎಂದು ಹೆಸರು. ಭೀಕರ ಸನ್ನಿವೇಶವೊಂದರಲ್ಲಿ ಸಿಲುಕಿ, ಹೇಗೋ ಜೀವ ಉಳಿಸಿಕೊಳ್ಳುವ ಆಟವೆಂದು ಅರ್ಥ ಮಾಡಿಕೊಳ್ಳಬಹುದು. ವೈರಿಗಳನ್ನು ಸಾಲುಸಾಲಾಗಿ ಉರುಳಿಸುವ ಗುಂಡಿನ ಆಟಗಳಿಗೂ ಇದಕ್ಕೂ ಅಜಗಜಾಂತರ. ಅಲ್ಲಿ ಆಟಗಾರನು ಶೂರ. ಇಲ್ಲಿ ಅವನು ಬಡವ.

ಬಡವನೆಂದುದು ಸುಮ್ಮನೆ ಅಲ್ಲ. ಈ ಆಟಗಳ ಭಯವೆಲ್ಲ ಹುಟ್ಟುವುದು ಕೊರತೆಯಿಂದ. 1992ರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆ ‘ಅಲೋನ್ ಇನ್ ದ ಡಾರ್ಕ್’ ಎಂಬ ಆಟವನ್ನು ಹೊರತಂದಿತು. ಈ ಜಾತಿಯ ಆಟಗಳಿಗೆಲ್ಲ ಇದನ್ನು ಪೂರ್ವಜನೆಂದು ಕರೆಯುವುದು ವಾಡಿಕೆ. ಕಥೆ ನಡೆಯುವುದು ಅಮೆರಿಕದ ಲೂಸಿಯಾನ ಪ್ರಾಂತದ ‘ಡರ್ಸೆಟೋ’ ಎಂಬ ಪಾಳು ಬಂಗಲೆಯಲ್ಲಿ, 1920ರ ದಶಕದಲ್ಲಿ. ಆಟ ಆರಂಭವಾಗುವುದು ಅಟ್ಟದ ಮೇಲೆ. ಕಿಟಕಿಯಿಂದ ಒಂದು ಪಿಶಾಚಿಯೂ ನೆಲದ ಕದದಿಂದ ಇನ್ನೊಂದೂ ಬರಲಿವೆ. ಬುದ್ಧಿವಂತನಾದವನು ಹೊಡೆದಾಟಕ್ಕೆ ನಿಲ್ಲುವುದಿಲ್ಲ. ಬೀರುವನ್ನು ಕಿಟಕಿಗೂ ಪೆಟ್ಟಿಗೆಯನ್ನು ಕದಕ್ಕೂ ಅಡ್ಡ ತಳ್ಳಿ ನಿಟ್ಟುಸಿರುಬಿಡುತ್ತಾನೆ. ಆ ಬಂಗಲೆಯಲ್ಲಿ ಪುಸ್ತಕಗಳೂ ಉಂಟು. ಅವುಗಳಲ್ಲಿ ಕೆಲವು ದಾರಿ ತೋರುತ್ತವೆ. ಮತ್ತೆ ಕೆಲವನ್ನು ತೆರೆದು ಓದಿದರೆ ಓದಿದವನೇ ಸತ್ತುಬೀಳುತ್ತಾನೆ! (ವಾರಪತ್ರಿಕೆಗಳು ಆ ಪಟ್ಟಿಯಲ್ಲಿಲ್ಲವೆಂಬುದು ನಮ್ಮಂಥವರ ಪುಣ್ಯ.)

ಮುಂದೆ 1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ‘ರೆಸಿಡೆಂಟ್ ಈವಿಲ್’ ಬಂದು ಈ ಪ್ರಕಾರವನ್ನು ಲೋಕಪ್ರಸಿದ್ಧ ಮಾಡಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ವಸ್ತು ಒಂದು ಟೈಪ್‌ರೈಟರು. ಆಡಿದಷ್ಟನ್ನು ಕಾದಿರಿಸಿ ನಾಳೆ ಮುಂದುವರಿಸಬೇಕಾದರೆ ಅದರ ಬಳಿಗೆ ಹೋಗಿ ಬೆರಳಚ್ಚು ಮಾಡಬೇಕು. ಅದಕ್ಕೆ ಮಸಿಯ ರಿಬ್ಬನ್ನು ಬೇಕು. ರಿಬ್ಬನ್ನುಗಳೋ ಎಣಿಕೆಯವು. ಈಗ ಖರ್ಚು ಮಾಡುವುದೆ, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡುವುದೆ? ತಿಂಗಳ ಇಪ್ಪತ್ತೈದನೆಯ ತಾರೀಖಿನಂದು ಡಬ್ಬಿಯ ತಳದ ಸಕ್ಕರೆಯನ್ನು ಅಳೆದು ನೋಡುವ ಗೃಹಿಣಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಅದಿರಲಿ. ಈ ವಾರ ನಾನು ಹೇಳಹೊರಟದ್ದು ಇನ್ನೊಂದು ಆಟದ ವಿಚಾರ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಎಂಬ ಸಣ್ಣ ತಂಡವೊಂದು 2010ರಲ್ಲಿ ಹೊರತಂದ ‘ಅಮ್ನೀಸಿಯ: ದ ಡಾರ್ಕ್ ಡಿಸೆಂಟ್’. ನಮ್ಮ ಬೀದಿಯ ಗೃಹಿಣಿಯೊಬ್ಬರು, ಹದಿನಾರು ತುಂಬಿದ ತಮ್ಮ ಮಗ ಇದನ್ನು ಹಿಡಿದು ರಾತ್ರಿ ನಿದ್ರೆಗೆಡುತ್ತಾನೆಂದು ಬಂದು ಹೇಳಿದರು. “ಕಂಪ್ಯೂಟರಿಗೆ ಬೀಗ ಹಾಕಿಬಿಡಲೇ? ನೀವೇ ಹೇಳಿ” ಎಂದು ಕೇಳಿದರು. ನೋಡದೆ ತೀರ್ಪು ಕೊಡುವುದು ನನ್ನ ಸ್ವಭಾವಕ್ಕೆ ಒಗ್ಗದು. ಆಡಿ ನೋಡಿದೆ.

ಕಾಲ 1839, ಸ್ಥಳ ಪ್ರಷ್ಯದ ಕಾಡಿನ ನಡುವಣ ಬ್ರೆನ್ನೆನ್‌ಬರ್ಗ್ ಕೋಟೆ. ಡೇನಿಯಲ್ ಎಂಬ ಯುವಕ ಕಲ್ಲುನೆಲದ ಮೇಲೆ ಕಣ್ಣು ತೆರೆಯುತ್ತಾನೆ. ತಾನಾರೆಂಬುದು ಅವನಿಗೆ ನೆನಪಿಲ್ಲ. ಕೈಯಲ್ಲಿ ಖಡ್ಗವಿಲ್ಲ, ಪಿಸ್ತೂಲಿಲ್ಲ. ಆಟ ಮುಗಿಯುವವರೆಗೂ ಯಾವ ಆಯುಧವೂ ದೊರೆಯುವುದಿಲ್ಲ. ದೊರೆಯುವುದು ಒಂದು ಲಾಂದ್ರ, ಅದಕ್ಕೆ ಅಷ್ಟಿಷ್ಟು ಎಣ್ಣೆ, ಗೋಡೆಯ ದೀಪ ಹೊತ್ತಿಸಲು ಕೆಲವು ಚಕಮಕಿ ಪೆಟ್ಟಿಗೆಗಳು, ಅಷ್ಟೆ. ಕತ್ತಲಲ್ಲಿ ಹೆಚ್ಚು ಹೊತ್ತು ನಿಂತರೆ ಡೇನಿಯಲ್ಲನ ಚಿತ್ತ ಕದಡುತ್ತದೆ. ದೃಷ್ಟಿ ಓಲಾಡುತ್ತದೆ, ಹಲ್ಲು ಕಡಿಯುವ ಸದ್ದು ಕೇಳುತ್ತದೆ. ಬೆಳಕು ಮಾಡೋಣವೆಂದರೆ ಕೋಟೆಯಲ್ಲಿ ಅಲೆಯುವ ವಿಕಾರ ಪ್ರಾಣಿಯ ಕಣ್ಣಿಗೆ ಬೀಳುವ ಅಪಾಯ. ಅದನ್ನು ದಿಟ್ಟಿಸಿ ನೋಡಿದರೂ ಬುದ್ಧಿಭ್ರಮೆಯೇ. ಆದುದರಿಂದ ಮೂಲೆಯಲ್ಲಿ ಮುದುರಿ, ಗೋಡೆಗೆ ಮುಖಮಾಡಿ, ಹೆಜ್ಜೆಯ ಸಪ್ಪಳ ದೂರವಾಗಲೆಂದು ಕಾಯಬೇಕು. ಕಲ್ಲುಗೋಡೆಯೊಂದನ್ನು ನಾನು ಅಷ್ಟು ಭಕ್ತಿಯಿಂದ ಹಿಂದೆಂದೂ ನೋಡಿದವನಲ್ಲ.

ನೀರು ತುಂಬಿದ ನೆಲಮಾಳಿಗೆಯ ಭಾಗವಂತೂ ಮರೆಯುವಂಥದಲ್ಲ. ಅಲ್ಲಿರುವ ಜಂತು ಕಣ್ಣಿಗೆ ಕಾಣಿಸುವುದೇ ಇಲ್ಲ. ಮೊಣಕಾಲುದ್ದದ ನೀರಿನಲ್ಲಿ ‘ಚಳ್ ಚಳ್’ ಎಂದು ಏಳುವ ಹೆಜ್ಜೆಯ ಚಿಮ್ಮು ಮಾತ್ರ ನಮ್ಮತ್ತ ಬರುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತ, ಕಾಲು ನೀರಿಗೆ ತಾಕದಂತೆ ದಾಟಬೇಕು. ಚಿತ್ರಕಾರನು ಎಂಥ ಭೂತವನ್ನು ಬರೆದರೂ ಬರೆಯದೆ ಬಿಟ್ಟ ಈ ಭೂತಕ್ಕೆ ಸಾಟಿಯಾಗಲಾರದು.

ಇಷ್ಟೇ ಆಗಿದ್ದರೆ ಆ ತಾಯಿಗೆ “ಇರುಳು ಬೇಡ, ಹಗಲು ಆಡಲಿ, ಹೆಡ್‌ಫೋನು ತೆಗೆಸಿ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ” ಎಂದು ಹೇಳಿ ಮುಗಿಸುತ್ತಿದ್ದೆ. ಹಾಗೆ ಹೇಳಿಯೂ ಹೇಳಿದೆ. ಹತ್ತು ಮಂದಿ ಒಟ್ಟಿಗೆ ಕೂತು ಕೇಳಿದ ದೆವ್ವದ ಕಥೆಯಿಂದ ಮಕ್ಕಳು ಕೆಟ್ಟದ್ದಿಲ್ಲ. ಕಿವಿ ಮುಚ್ಚಿಕೊಂಡು ಒಂಟಿಯಾಗಿ ಹೆದರುವುದು ಬೇರೆಯೇ ಮಾತು. ಆದರೆ ಹುಡುಗನ ನಿದ್ರೆ ಕೆಡಿಸಿದ್ದು ಆ ಜಂತುವಲ್ಲವೆಂದು ಆಮೇಲೆ ತಿಳಿಯಿತು. ಧಾರಾವಾಹಿಯ ಮುಂದಿನ ಕಂತನ್ನು ಮೊದಲೇ ಹೇಳಿಬಿಡುವ ನೆರೆಮನೆಯವರ ಪಾತ್ರವನ್ನು ಇಲ್ಲಿ ನಾನು ವಹಿಸಲೇಬೇಕಾಗಿದೆ. ಆಡುವ ಇಚ್ಛೆಯುಳ್ಳವರು ಕ್ಷಮಿಸಬೇಕು.

ಡೇನಿಯಲ್ಲನ ಮರೆವು ಆಕಸ್ಮಿಕವಲ್ಲ. ಅವನೇ ಔಷಧ ಕುಡಿದು ತನ್ನ ನೆನಪನ್ನು ಅಳಿಸಿಕೊಂಡವನು. ಬೆನ್ನಟ್ಟಿ ಬರುತ್ತಿದ್ದ ಒಂದು ಕರಾಳ ಛಾಯೆಯಿಂದ ತನ್ನ ಪ್ರಾಣ ಉಳಿಸಿಕೊಳ್ಳುವ ಆಸೆಯಿಂದ, ಕೋಟೆಯೊಡೆಯ ಅಲೆಕ್ಸಾಂಡರನ ಮಾತು ಕೇಳಿ, ಆ ನೆಲಮಾಳಿಗೆಗಳಲ್ಲಿ ಸೆರೆಯಾಳುಗಳನ್ನು ಹಿಂಸಿಸಿದವನು. ಇದು ಒಮ್ಮೆಗೇ ತಿಳಿಯುವುದಿಲ್ಲ. ಅಲ್ಲಲ್ಲಿ ಬಿದ್ದ ದಿನಚರಿಯ ಹಾಳೆಗಳಿಂದ ತುಣುಕುತುಣುಕಾಗಿ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ಆಡುವವನು ಗಂಟೆಗಟ್ಟಲೆ ಆ ಡೇನಿಯಲ್ಲನ ಉಸಿರಿನೊಡನೆ ತನ್ನ ಉಸಿರನ್ನು ಸೇರಿಸಿ, ಅವನ ಜೀವಕ್ಕಾಗಿ ಎಣ್ಣೆಯ ತೊಟ್ಟು ತೊಟ್ಟನ್ನೂ ಉಳಿಸಿರುತ್ತಾನೆ.

ಪಕ್ಕದಲ್ಲಿ ಕುಳಿತ ಎರಡನೆಯ ದಿನ ಹುಡುಗ ಆಟ ನಿಲ್ಲಿಸಿ ಕೇಳಿದನಂತೆ: “ಅಮ್ಮ, ಮಾಡಿದ್ದು ಮರೆತೇ ಹೋದಮೇಲೂ ಪಾಪ ಅವನದೇನಾ?” ಆಕೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನನ್ನು ಕೇಳಿದರು, ನಾನೂ ಕನ್ನಡಕ ಒರೆಸಿಕೊಂಡೆ. ಬೀಗದ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ.

ಆಟಕ್ಕೆ ಮೂರು ಬಗೆಯ ಮುಕ್ತಾಯಗಳುಂಟು. ಒಂದರಲ್ಲಿ ಡೇನಿಯಲ್ ಕೋಟೆಯಿಂದ ಹೊರಗೆ ನಡೆದುಹೋಗುತ್ತಾನೆ, ಉಳಿದೆರಡರಲ್ಲಿ ಹಾಗಿಲ್ಲ. ಹುಡುಗ ಕಳೆದ ಭಾನುವಾರ ಮುಗಿಸಿದನಂತೆ. ಆ ಹೊತ್ತಿಗೆ ಕುಕ್ಕರು ಕೂಗಿ ತಾಯಿ ಒಳಗೆ ಹೋಗಿದ್ದರು. ಮೂರರಲ್ಲಿ ಯಾವುದನ್ನು ಆರಿಸಿಕೊಂಡನೆಂಬುದನ್ನು ಅವನು ಇನ್ನೂ ಹೇಳಿಲ್ಲ.